ನಿಧಾನವಾದ ಕಂಪ್ಯೂಟರಿನಲ್ಲಿ ನಾನು ಮೊದಲು ನೋಡುವುದು

ನೆಂಟರು, ಸ್ನೇಹಿತರು, ಅವರ ಸ್ನೇಹಿತರು, ಯಾರ ಕಂಪ್ಯೂಟರ್ ಕೈಕೊಟ್ಟರೂ ನನ್ನ ಹತ್ತಿರ ಬರುತ್ತದೆ. "ತುಂಬಾ ಸ್ಲೋ ಆಗಿದೆ, ಹೊಸದು ತಗೊಳ್ಬೇಕಾ?" ಅಂತ ಕೇಳುವವರೇ ಜಾಸ್ತಿ. ಹೊಸದರ ಮಾತು ಆಮೇಲೆ. ಕೊನೆಯ ಸಲ ರೀಸ್ಟಾರ್ಟ್ ಮಾಡಿದ್ದು ಯಾವಾಗ ಅಂತ ನಾನು ಮೊದಲು ಕೇಳುತ್ತೇನೆ.

"ದಿನಾ ರಾತ್ರಿ ಶಟ್ ಡೌನ್ ಮಾಡ್ತೀನಲ್ಲ" ಅನ್ನುತ್ತಾರೆ. ವಿಂಡೋಸ್‌ನಲ್ಲಿ ಶಟ್ ಡೌನ್ ಬೇರೆ, ರೀಸ್ಟಾರ್ಟ್ ಬೇರೆ. ವಿಂಡೋಸ್ 8 ಬಂದಾಗಿನಿಂದ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನುವ ಏರ್ಪಾಡಿದೆ. ಅದು ಆನ್ ಆಗಿದ್ದರೆ, ಶಟ್ ಡೌನ್ ಒತ್ತಿದಾಗ ನೀವು ತೆರೆದ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಅಷ್ಟೇ. ವಿಂಡೋಸ್‌ನ ಕರ್ನಲ್ (ಅದರ ತಿರುಳು ಭಾಗ) ಮತ್ತು ಡ್ರೈವರ್‌ಗಳು (ಪ್ರಿಂಟರ್, ಸೌಂಡ್ ಮುಂತಾದವನ್ನು ನಡೆಸುವ ಪ್ರೋಗ್ರಾಮ್‌ಗಳು) ಯಾವ ಸ್ಥಿತಿಯಲ್ಲಿದ್ದವೋ ಹಾಗೇ ಡಿಸ್ಕ್‌ಗೆ ಬರೆದಿಡಲಾಗುತ್ತದೆ. ಮರುದಿನ ಅದನ್ನೇ ಎತ್ತಿಕೊಂಡು ಕಂಪ್ಯೂಟರ್ ಬೇಗ ಏಳುತ್ತದೆ. ನಿನ್ನೆಯ ತೊಂದರೆಯೂ ಅದರ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುವುದು.

ಅನುಮಾನ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ, ಅಪ್ ಟೈಮ್, ಅಂದರೆ ಕೊನೆಯ ಸಲ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ನೋಡಿ. ದಿನಾ ಆಫ್ ಮಾಡುವವರ ಕಂಪ್ಯೂಟರಿನಲ್ಲೂ ಅಲ್ಲಿ ವಾರಗಟ್ಟಲೆ ಸಮಯ ತೋರಿಸುವುದುಂಟು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಪ್ರಿಂಟರ್ ಸಿಗುತ್ತಿಲ್ಲ, ಸೌಂಡ್ ಬರುತ್ತಿಲ್ಲ ಅನ್ನುವ ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಟಾಸ್ಕ್ ಮ್ಯಾನೇಜರ್ ತೆರೆದಿರುವಾಗಲೇ ಸ್ಟಾರ್ಟಪ್ ಆ್ಯಪ್ಸ್ ಪಟ್ಟಿಯನ್ನೂ ನೋಡಿಬಿಡಿ. ಕಂಪ್ಯೂಟರ್ ಆನ್ ಆದ ತಕ್ಷಣ ತಾವೇ ಎದ್ದು ಕೂರುವ ಪ್ರೋಗ್ರಾಮ್‌ಗಳು ಅಲ್ಲಿರುತ್ತವೆ. ಆಂಟಿವೈರಸ್ ಬಿಟ್ಟುಬಿಡಿ. ಗುರುತು ಸಿಗದ್ದನ್ನೂ ಮುಟ್ಟಬೇಡಿ. ಅಪರೂಪಕ್ಕೆ ಬಳಸುವ ಗೇಮ್, ಚಾಟ್, ಸಂಗೀತದ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಅವು ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆಯಬಹುದು.

ಇನ್ನು ಬ್ರೌಸರ್. ಕ್ರೋಮ್, ಎಡ್ಜ್ ಎರಡಕ್ಕೂ ತಮ್ಮದೇ ಟಾಸ್ಕ್ ಮ್ಯಾನೇಜರ್ ಇದೆ. ಬ್ರೌಸರ್ ತೆರೆದಿರುವಾಗ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಬರುತ್ತದೆ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಮ್) ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಸಾಲಾಗಿ ಕಾಣುತ್ತದೆ. ಯಾವತ್ತೋ ಹಾಕಿಕೊಂಡು ಮರೆತ ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕಿ. ವೇಗಕ್ಕಿಂತಲೂ ನನಗೆ ಇದರಲ್ಲಿ ಸುರಕ್ಷತೆ ಮುಖ್ಯ. ನೀವು ನೋಡುವ ಪುಟಗಳನ್ನೆಲ್ಲ ಓದುವ ಅನುಮತಿ ಬಹಳಷ್ಟು ಎಕ್ಸ್‌ಟೆನ್ಶನ್‌ಗಳಿಗೆ ಇರುತ್ತದೆ.

ಒಂದು ಸೈಟ್ ಸರಿಯಾಗಿ ತೆರೆಯದಿದ್ದರೆ ಜನ ಸಿಟ್ಟಿನಲ್ಲಿ ಹಿಸ್ಟರಿ, ಕುಕೀಸ್ (ಲಾಗಿನ್‌ನಂಥದ್ದನ್ನು ನೆನಪಿಡಲು ಸೈಟುಗಳು ಬ್ರೌಸರಿನಲ್ಲಿ ಇಡುವ ಚಿಕ್ಕ ಮಾಹಿತಿ) ಎಲ್ಲ ಅಳಿಸಿಬಿಡುತ್ತಾರೆ. ಆಮೇಲೆ ಹತ್ತಾರು ಕಡೆ ಮತ್ತೆ ಲಾಗಿನ್ ಆಗುವ ಕಷ್ಟ. ಅದರ ಬದಲು ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ. ಉಳಿಸಿಟ್ಟ ಹಳೇ ಪ್ರತಿಯನ್ನು ಬಿಟ್ಟು, ಪುಟ ಹೊಸದಾಗಿ ಇಳಿಯುತ್ತದೆ. ಸರಿಹೋಗಲಿಲ್ಲವಾ? ಅದೇ ಸೈಟನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ (ಎಡ್ಜ್‌ನಲ್ಲಿ ಇದರ ಹೆಸರು ಇನ್‌ಪ್ರೈವೇಟ್) ತೆರೆಯಿರಿ. ನೀವು ಅನುಮತಿ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಕೆಲಸ ಮಾಡುವುದಿಲ್ಲ, ಹಳೇ ಕುಕೀಸ್ ಕೂಡ ಇರುವುದಿಲ್ಲ. ಅಲ್ಲಿ ಸರಿಯಾಗಿ ತೆರೆದರೆ ತೊಂದರೆ ಇವೆರಡರಲ್ಲಿ ಒಂದರದ್ದೇ ಇರಬೇಕು. ಆಗ ವಿಳಾಸದ ಎಡಕ್ಕಿರುವ ಚಿಕ್ಕ ಗುರುತನ್ನು ಒತ್ತಿ, ಆ ಒಂದು ಸೈಟಿನ ಕುಕೀಸ್ ಮಾತ್ರ ಅಳಿಸಿ. ಉಳಿದ ಲಾಗಿನ್‌ಗಳಿಗೆ ಏನೂ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಹೆದರುವುದು ಪರದೆಯ ಮೂಲೆಯಲ್ಲಿ ಪದೇಪದೇ ಬರುವ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅನ್ನುವ ಎಚ್ಚರಿಕೆಗೆ. ವಯಸ್ಸಾದವರು ಇದನ್ನು ನೋಡಿ ನಿದ್ದೆಗೆಟ್ಟದ್ದನ್ನು ಕಂಡಿದ್ದೇನೆ. ದಯವಿಟ್ಟು ಅದರಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡಿ. ಬಹಳಷ್ಟು ಸಲ ಅಲ್ಲಿ ವೈರಸ್ಸೇ ಇರುವುದಿಲ್ಲ. ಯಾವುದೋ ಸೈಟು ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿರುತ್ತದೆ, ಅವಸರದಲ್ಲಿ ಅಲೋ ಒತ್ತಿರುತ್ತೀರಿ, ಅಷ್ಟೇ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಅಂತ ಹುಡುಕಿ. ಅನುಮತಿ ಪಡೆದ ಸೈಟುಗಳ ಪಟ್ಟಿ ಸಿಗುತ್ತದೆ. ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ಇನ್ನು ಮುಂದೆ ಯಾವ ಸೈಟೂ ಕೇಳಲೇಬಾರದು ಅನ್ನುವ ಆಯ್ಕೆಯೂ ಅಲ್ಲೇ ಇದೆ. ನನ್ನ ಕೈಗೆ ಬಂದ ಕಂಪ್ಯೂಟರುಗಳಲ್ಲೆಲ್ಲ ನಾನು ಅದನ್ನೇ ಹಾಕಿ ಕಳಿಸುತ್ತೇನೆ.

ಇದೇ ಮೋಸ ಕೆಲವೊಮ್ಮೆ ಪರದೆ ಪೂರ್ತಿ ತುಂಬಿಕೊಂಡು ಬರುತ್ತದೆ, ಮುಚ್ಚುವ ಗುರುತೇ ಕಾಣುವುದಿಲ್ಲ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆಗಲೂ ಹೋಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ಮುಚ್ಚಿ. ಮತ್ತೆ ತೆರೆದಾಗ, ಹಳೇ ಪುಟಗಳನ್ನು ತರಲಾ ಅಂತ ಕೇಳಿದರೆ ಬೇಡ ಅನ್ನಿ.

ಕೀಬೋರ್ಡ್ ಶಾರ್ಟ್‌ಕಟ್‌ಗಳ ಉದ್ದ ಪಟ್ಟಿ ನಾನು ಯಾರಿಗೂ ಕೊಡುವುದಿಲ್ಲ, ನೆನಪಿರುವುದಿಲ್ಲ ಅಲ್ವಾ? ಎರಡು ಸಾಕು. ಕೈತಪ್ಪಿ ಮುಚ್ಚಿದ ಟ್ಯಾಬ್ ವಾಪಸ್ ತರಲು ಕಂಟ್ರೋಲ್, ಶಿಫ್ಟ್, ಟಿ. ಇನ್‌ಕಾಗ್ನಿಟೋದಲ್ಲಿ ಮುಚ್ಚಿದ್ದು ಮಾತ್ರ ಹೀಗೆ ಬರುವುದಿಲ್ಲ. ಎರಡನೆಯದು ವಿಂಡೋಸ್ ಕೀ ಮತ್ತು ವಿ. ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಸೌಲಭ್ಯ ಇದು. ಮೊದಲ ಸಲ ಆನ್ ಮಾಡಿಕೊಂಡರೆ, ಆಮೇಲೆ ನೀವು ಕಾಪಿ ಮಾಡಿದ 25 ತುಣುಕುಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ಪದೇಪದೇ ಬೇಕಾದ ವಿಳಾಸವನ್ನು ಪಿನ್ ಮಾಡಿದರೆ ರೀಸ್ಟಾರ್ಟ್ ಆದರೂ ಉಳಿಯುತ್ತದೆ. ಪಾಸ್‌ವರ್ಡ್ ಕಾಪಿ ಮಾಡಿದ್ದರೆ ಅದೂ ಅಲ್ಲಿ ಕಾಣಬಹುದು. ಮನೆಯಲ್ಲಿ ಎಲ್ಲರೂ ಒಂದೇ ಕಂಪ್ಯೂಟರ್ ಬಳಸುವುದಾದರೆ ಎದ್ದುಹೋಗುವ ಮುನ್ನ ಅಳಿಸಿಬಿಡಿ.

ಇಷ್ಟೆಲ್ಲ ಮಾಡಿದರೂ ಕಂಪ್ಯೂಟರ್ ತೆವಳುತ್ತಿದ್ದರೆ, ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಎಚ್‌ಡಿಡಿ ಅಂತಿದೆಯಾ? ಹಾಗಿದ್ದರೆ ಒಳಗೆ ತಟ್ಟೆ ತಿರುಗುವ ಹಳೇ ಥರದ ಡಿಸ್ಕ್ ಇದೆ. ಅದನ್ನು ತಿರುಗುವ ಭಾಗವೇ ಇಲ್ಲದ, ಹೆಚ್ಚು ವೇಗದ ಎಸ್‌ಎಸ್‌ಡಿಗೆ ಬದಲಿಸುವುದಕ್ಕಿಂತ ದೊಡ್ಡ ವ್ಯತ್ಯಾಸ ತರುವ ರಿಪೇರಿ ನಾನು ನೋಡಿಲ್ಲ. ಬದಲಿಸಲು ಕೊಡುವ ಮುಂಚೆ ಫೋಟೋ, ಫೈಲ್‌ಗಳನ್ನೆಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಕಾಪಿ ಆಯ್ತು ಅಂತ ಸುಮ್ನೆ ಬಿಡಬೇಡಿ, ಆ ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ.