ಅಡಿಕೆ ಮರದ ಗಾಯದಿಂದ ವಿಮಾನದ ದಾರಿ ಹಿಡಿದದ್ದು

ಸಣ್ಣ ವಿಮಾನ ಬಿದ್ದ ಜಾಗಕ್ಕೆ ಹೋದರೆ ನಾನು ಮೊದಲು ಮರ ನೋಡುತ್ತೇನೆ. ವಿಮಾನ ಆಮೇಲೆ. ಬಿದ್ದ ವಿಮಾನ ಎಲ್ಲಿಗೂ ಹೋಗುವುದಿಲ್ಲ. ಮರದ ಗಾಯ ಮಾತ್ರ ಒಂದೆರಡು ಮಳೆಗೆ ಕಪ್ಪಾಗುತ್ತದೆ, ತೋಟದವರು ಮುರಿದ ಮರ ಕಡಿದುಬಿಡುತ್ತಾರೆ.

ನಾನು ತೀರ್ಥಹಳ್ಳಿ ಕಡೆಯವನು. ಅಪಘಾತ ತನಿಖೆಯಲ್ಲಿ ಎಂಜಿನ್ ನೋಡುವುದು ನನ್ನ ಕೆಲಸವಾಗಿತ್ತು. 2023ರಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಹುಡುಗರು ಜಾಸ್ತಿ ಕೇಳುತ್ತಾರೆ: ಬ್ಲ್ಯಾಕ್ ಬಾಕ್ಸ್ ಸಿಕ್ಕಿದರೆ ಎಲ್ಲಾ ಗೊತ್ತಾಗುತ್ತೆ ಅಲ್ವಾ? ಎರಡು ಸೀಟಿನ ತರಬೇತಿ ವಿಮಾನದಲ್ಲಿ ಸಾಮಾನ್ಯವಾಗಿ ಬ್ಲ್ಯಾಕ್ ಬಾಕ್ಸೇ ಇರುವುದಿಲ್ಲ. ಅಲ್ಲಿ ಮರ, ಲೋಹ, ಜನರ ಮಾತು, ಇಷ್ಟರಲ್ಲೇ ಉತ್ತರ ಹುಡುಕಬೇಕು.

ನನ್ನ ಮನಸ್ಸಿನಲ್ಲಿ ಉಳಿದ ಒಂದು ಪ್ರಕರಣ ಘಟ್ಟದ ಸಾಲಿನಲ್ಲೇ, ಬೇರೆ ರಾಜ್ಯದಲ್ಲಿ ನಡೆದದ್ದು. ಮನೆಯವರ ನೋವು ನೆನೆದು ಊರಿನ ಹೆಸರು ಹೇಳುವುದಿಲ್ಲ. ಒಬ್ಬನೇ ಹಾರಿಸುತ್ತಿದ್ದ ಹುಡುಗ. ಇಳಿಯಲು ಬರುವಾಗ, ರನ್‌ವೇ ಕಡೆಗೆ ಕೊನೆಯ ತಿರುವು ತೆಗೆದುಕೊಳ್ಳುವ ಹೊತ್ತಿಗೆ ಅಡಿಕೆ ತೋಟಕ್ಕೆ ಬಿದ್ದ. ಬದುಕಲಿಲ್ಲ.

ಅಡಿಕೆ ತೋಟ ಎಂದರೆ ಗೆರೆ ಎಳೆದ ಲೆಕ್ಕದ ಪುಸ್ತಕ. ಸಾಲಿನಿಂದ ಸಾಲಿಗೆ ಒಂಬತ್ತು ಅಡಿ. ಅಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೈಗೆ ಅಳತೆ ಟೇಪ್ ಕೊಟ್ಟೆವು. ಅವನು ಮರ ಹತ್ತಿ, ಪ್ರತಿ ಗಾಯದ ಎತ್ತರ ಕೂಗಿ ಹೇಳಿದ. ಇಂಥ ವಿಮಾನ ಎಂಜಿನ್ ನಿಂತರೂ ಜಾರಿಕೊಂಡು ಬರುತ್ತದೆ, ಹೆಚ್ಚುಕಡಿಮೆ ಒಂಬತ್ತು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಇಳಿಯುತ್ತದೆ. ಅಂದರೆ ಸಾಲಿಗೆ ಒಂದು ಅಡಿ. ಇಲ್ಲಿ ಮೊದಲ ಸಾಲಿನಲ್ಲಿ ಸುಳಿ ಹಾರಿತ್ತು, ಮೂರನೇ ಸಾಲಿಗೆ ಬಂದರೆ ಬುಡದಲ್ಲೇ ಏಟು. ಎಡ ರೆಕ್ಕೆ ತಾಗಿದ ಗಾಯಗಳು ಬಲದವಕ್ಕಿಂತ ತುಂಬಾ ಕೆಳಗಿದ್ದವು. ವಿಮಾನ ಜಾರಿಕೊಂಡು ಬಂದಿಲ್ಲ. ರೆಕ್ಕೆ ವಾಲಿ, ಸ್ಟಾಲ್ ಆಗಿ ಬಿದ್ದಿದೆ.

ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ಮೂಗು ಮಿತಿಮೀರಿ ಎತ್ತಿದಾಗ ರೆಕ್ಕೆಗೆ ಗಾಳಿ ಸರಿಯಾಗಿ ಹಿಡಿಯದೆ, ಎತ್ತುವ ಶಕ್ತಿ ಕುಸಿಯುತ್ತದೆ. ನೇರವಾಗಿ ಹಾರುವಾಗ 50 ನಾಟ್ ವೇಗಕ್ಕೆ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ ಸುಮಾರು 60ಕ್ಕೇ ಸ್ಟಾಲ್ ಆಗುತ್ತದೆ. ಕೊನೆಯ ತಿರುವಿನಲ್ಲಿ ವೇಗವೂ ಕಡಿಮೆ, ಎತ್ತರವೂ ಕಡಿಮೆ. ಸುಧಾರಿಸಿಕೊಳ್ಳಲು ಜಾಗವೇ ಇಲ್ಲ.

ಇಲ್ಲಿಗೆ ನಿಲ್ಲಿಸಿ 'ಪೈಲಟ್ ತಪ್ಪು' ಎಂದು ಬರೆಯಬಹುದಿತ್ತು. ಹಾಗೆ ಬರೆಯುವುದು ನನಗೆ ಆಗುವುದಿಲ್ಲ. ಆ ಹುಡುಗ ಮೂಗು ಯಾಕೆ ಎತ್ತಿದ? ಅದಕ್ಕೆ ಉತ್ತರ ಬೇಕು.

ಪ್ರೊಪೆಲ್ಲರ್ ನೋಡಿದೆವು. ಶಕ್ತಿಯಿಂದ ತಿರುಗುತ್ತಿದ್ದರೆ ಅಲಗು ತಿರುಚುತ್ತದೆ, ಅಂಚು ಕಚ್ಚು ಬೀಳುತ್ತದೆ, ಅಡ್ಡಕ್ಕೆ ಗೀರು ಮೂಡುತ್ತದೆ. ಅಡಿಕೆ ಕಾಂಡ ಕತ್ತಿಯಲ್ಲಿ ಕಡಿದ ಹಾಗೆ ಓರೆಯಾಗಿ ತುಂಡಾಗುತ್ತದೆ. ಇಲ್ಲಿ ಕಾಂಡಗಳು ನಾರು ನಾರಾಗಿ ಸೀಳಿದ್ದವು. ಒಂದು ಅಲಗು ಹಿಂದಕ್ಕೆ ಬಾಗಿತ್ತು, ಇನ್ನೊಂದು ನೆಟ್ಟಗೇ ಇತ್ತು. ಎಂಜಿನ್ ಶಕ್ತಿ ಕೊಡುತ್ತಿರಲಿಲ್ಲ.

ಪೆಟ್ರೋಲ್ ಖಾಲಿಯಾಗಿತ್ತೇ? ಇಲ್ಲ. ಸುತ್ತಲ ಮೆಣಸಿನ ಬಳ್ಳಿಯ ಎಲೆ ಪೆಟ್ರೋಲ್ ಚಿಮ್ಮಿ ಸುಟ್ಟ ಹಾಗೆ ಕಂದಿತ್ತು. ಟ್ಯಾಂಕಿನಲ್ಲಿ ಉಳಿದದ್ದು ನೀಲಿ ಬಣ್ಣದ್ದು, ವಿಮಾನದ ಪೆಟ್ರೋಲ್ ಇರಬೇಕಾದ ಬಣ್ಣ. ನೀರು ಸೇರಿರಲಿಲ್ಲ. ಮ್ಯಾಗ್ನೆಟೋ ಕಿಡಿ ಕೊಟ್ಟಿತು, ಸಿಲಿಂಡರ್‌ಗಳು ಸರಿ ಇದ್ದವು.

ತೋಟದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸನ್ನು ಅವರು ಆಗ ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ಮಾತಾಡಿಸಿದೆ. ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಬಾರದು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬರುತ್ತದೆ. 'ಎಂಜಿನ್ ನಿಂತಿತಾ' ಎಂದೂ ಕೇಳಬಾರದು. 'ಏನು ಕೇಳಿಸಿತು, ಹಾಗೇ ಸದ್ದು ಮಾಡಿ ತೋರಿಸಿ' ಎಂದೆ. ಅವರು ಗೊರ ಗೊರ ಎಂದು ಎರಡು ಸಲ ಕೆಮ್ಮಿದ ಹಾಗೆ ಮಾಡಿ ಸುಮ್ಮನಾದರು. ಆಮೇಲೆ, 'ಬೆಳಿಗ್ಗೆ ಮಳೆ ಹೊಳವಾಗಿತ್ತು, ಸೆಖೆ ಇತ್ತು' ಎಂದರು.

ಆ ಮಾತಿನಿಂದ ದಾರಿ ಕಂಡಿತು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ 20 ಡಿಗ್ರಿಗಿಂತ ಹೆಚ್ಚು ತಣ್ಣಗಾಗಬಹುದು. ಹೊರಗೆ 25 ಡಿಗ್ರಿ ಇದ್ದರೂ ಒಳಗೆ ಮಂಜುಗಡ್ಡೆ ಕಟ್ಟಬಹುದು. ಇದಕ್ಕೆ ಹಿಮಾಲಯ ಬೇಕಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇರಬೇಕು ಅಷ್ಟೆ, ನಮ್ಮ ಆಗುಂಬೆಯ ಮಳೆಗಾಲದ ಹಾಗೆ. ಇಳಿಯುವಾಗ ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಬಾಗಿಲು, ಮುಚ್ಚಿರುವುದರಿಂದ ಗಡ್ಡೆ ಬೇಗ ಕಟ್ಟುತ್ತದೆ. ಗೊತ್ತೂ ಆಗುವುದಿಲ್ಲ, ಯಾಕೆಂದರೆ ಶಕ್ತಿ ಮೊದಲೇ ಕಡಿಮೆ ಮಾಡಿರುತ್ತಾರೆ. ಶಕ್ತಿ ಬೇಕೆಂದು ಥ್ರಾಟಲ್ ತೆರೆದಾಗ ಎಂಜಿನ್ ಕೆಮ್ಮುತ್ತದೆ. ರನ್‌ವೇ ಮುಟ್ಟಲಿ ಎಂದು ಕೈ ತಾನಾಗಿ ಮೂಗು ಎತ್ತುತ್ತದೆ.

ಕಷ್ಟ ಏನೆಂದರೆ, ನಾವು ತಲುಪುವಷ್ಟರಲ್ಲಿ ಗಡ್ಡೆ ಕರಗಿಹೋಗಿರುತ್ತದೆ. ಹಾಗಾಗಿ ಬೇರೆ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಿಡುತ್ತಾ ಬರಬೇಕು. ಬಿಸಿ ಗಾಳಿ ಬಿಡುವ ಕಾರ್ಬುರೇಟರ್ ಹೀಟ್ ಗುಂಡಿಯನ್ನು ನಾನು ನಂಬುವುದಿಲ್ಲ, ಬೀಳುವಾಗ ಅದು ಜಗ್ಗಬಹುದು. ಗಾಳಿ ಪೆಟ್ಟಿಗೆ ಬಿಚ್ಚಿ ಒಳಗಿನ ಕವಾಟ ನೋಡಿದೆವು. ಪೆಟ್ಟಿಗೆ ನಜ್ಜುಗುಜ್ಜಾದ ಕ್ಷಣದ ಅಚ್ಚು ಲೋಹದ ಮೇಲೆ ಕೂತಿತ್ತು. ಬಿಸಿ ಗಾಳಿ ಬಂದ್ ಆಗಿತ್ತು. ಹವಾಮಾನದ ದಾಖಲೆಯಲ್ಲಿ ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ನೀರಾಗಲು ಶುರುವಾಗುವ ತಾಪಮಾನ) ಅಂತರ ತೀರಾ ಕಡಿಮೆ, ಅಂದರೆ ಗಾಳಿಯಲ್ಲಿ ತೇವ ತುಂಬಿತ್ತು. 'ಸಂಭವನೀಯ ಕಾರಣ' ಎಂಬ ಜಾಗದಲ್ಲಿ ಗಡ್ಡೆ ಮತ್ತು ಸ್ಟಾಲ್ ಎರಡನ್ನೂ ಬರೆದೆವು.

'ನನ್ನ ಮಗನದ್ದೇ ತಪ್ಪಾ?' ಎಂದು ಆ ಹುಡುಗನ ತಂದೆ ಕೇಳಿದರು. ಇಂಥ ತನಿಖೆ ತಪ್ಪು ಹೊರಿಸಲು ಅಲ್ಲ, ಇನ್ನೊಂದು ಅಪಘಾತ ತಡೆಯಲು. ಅಂತರರಾಷ್ಟ್ರೀಯ ನಿಯಮವೂ ಇದನ್ನೇ ಹೇಳುತ್ತದೆ. ಅವರಿಗೆ ಅದನ್ನು ಹೇಳಿ, ವರದಿಯ ಶಿಫಾರಸುಗಳನ್ನು ಓದಿ ತೋರಿಸಿದೆ: ಮಳೆಗಾಲದಲ್ಲಿ ಥ್ರಾಟಲ್ ಇಳಿಸುವ ಮೊದಲೇ ಕಾರ್ಬುರೇಟರ್ ಹೀಟ್ ಹಾಕುವುದನ್ನು ಕಲಿಸಬೇಕು. ಎಂಜಿನ್ ಕೈಕೊಟ್ಟರೆ ಮೂಗು ತಗ್ಗಿಸುವ ಅಭ್ಯಾಸ ಮತ್ತೆ ಮತ್ತೆ ಮಾಡಿಸಬೇಕು.

ಸೋಗಾನೆ ಸುತ್ತಲಿನ ಹಳ್ಳಿಯವರಿಗೆ ನಾನು ಹೇಳುವುದಿಷ್ಟೆ. ಎಂದಾದರೂ ಇಂಥದ್ದು ಕಣ್ಣೆದುರಿಗೆ ಆದರೆ 112ಕ್ಕೆ ಫೋನ್ ಮಾಡಿ. ಜೀವ ಉಳಿಸುವುದು ಮೊದಲು, ಅದಕ್ಕಾಗಿ ಏನು ಸರಿಸಬೇಕೋ ಸರಿಸಿ. ಆದರೆ ಬೀಡಿ ಹಚ್ಚಬೇಡಿ, ಗುಂಡಿ, ಹಿಡಿಕೆ ಮುಟ್ಟಬೇಡಿ, ಮುರಿದ ಮರವನ್ನು ತನಿಖೆಯವರು ಬರುವ ತನಕ ಕಡಿಯಬೇಡಿ.