ಅಲಸಂದೆ ಬೇರಿನ ಗಂಟಿನಿಂದ ರೈಜೋಬಿಯಂ: ನಾನು ಅನುಸರಿಸುವ ಕ್ರಮ

ಕೃಷಿ ಸೂಕ್ಷ್ಮಜೀವಿಶಾಸ್ತ್ರ ಓದುವವರೆಲ್ಲ ಒಮ್ಮೆಯಾದರೂ ರೈಜೋಬಿಯಂ (ದ್ವಿದಳ ಗಿಡಗಳ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಬೇರ್ಪಡಿಸಿರುತ್ತಾರೆ. ಕೆಂಪು ಬಣ್ಣ ಬೆರೆಸಿದ ಮಾಧ್ಯಮದ ಪ್ಲೇಟಿನಲ್ಲಿ ಬಿಳಿ ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಕಂಡ ಕೂಡಲೇ ರೆಕಾರ್ಡಿನಲ್ಲಿ 'ರೈಜೋಬಿಯಂ' ಎಂದು ಬರೆದು ಮುಗಿಸುವುದು ರೂಢಿ. ನಾನು ಹಾಗೆ ಬರೆಯುವುದಿಲ್ಲ. ಅದನ್ನು ಮತ್ತೆ ಗಿಡಕ್ಕೆ ಕೊಟ್ಟು, ಬೇರಿನಲ್ಲಿ ಗಂಟು ಕಟ್ಟಿದ ಮೇಲೆಯೇ ಹೆಸರಿಡುವುದು. ಮಂಡ್ಯದ ಕೃಷಿ ಕಾಲೇಜಾದ ವಿ.ಸಿ. ಫಾರ್ಮ್‌ನಲ್ಲಿ ಓದುವಾಗ ರೂಢಿಸಿಕೊಂಡ ಕ್ರಮ ಇಲ್ಲಿದೆ. ಉದಾಹರಣೆಗೆ ಅಲಸಂದೆಯನ್ನೇ ತೆಗೆದುಕೊಂಡಿದ್ದೇನೆ.

ಗಿಡ ಹೂವಿಗೆ ಬಂದಾಗ ಗಂಟು ಸಂಗ್ರಹಿಸಬೇಕು. ಕಾಯಿ ತುಂಬತೊಡಗಿದರೆ ಗಂಟುಗಳು ಮುದಿಯಾಗುತ್ತವೆ. ಗಿಡವನ್ನು ಕೈಯಲ್ಲಿ ಕಿತ್ತರೆ ಒಳ್ಳೆಯ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಸುತ್ತ ಒಂದು ಗೇಣು ಬಿಟ್ಟು ಗುದ್ದಲಿಯಿಂದ ಹೆಂಟೆಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸುತ್ತೇನೆ. ಯೂರಿಯಾ ಹಾಕಿದ ಹೊಲದ ಗಿಡ ಬೇಡ, ಅಲ್ಲಿ ಗಂಟು ಕಡಿಮೆ. ಭತ್ತ ಕೊಯ್ದ ಗದ್ದೆಯಲ್ಲಿ ನಾಲೆಯ ನೀರು ನಿಂತಿದ್ದರೆ ಗಂಟು ಕಪ್ಪಾಗಿ ಮೆತ್ತಗಿರುತ್ತದೆ, ಅದೂ ಬೇಡ. ಬ್ಲೇಡಿನಿಂದ ಒಂದೆರಡು ಗಂಟು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಇದೆ, ಸಾರಜನಕ ಸ್ಥಿರೀಕರಣ ನಡೆದಿದೆ ಎಂದರ್ಥ. ಹಸಿರು ಅಥವಾ ಕಂದು ಬಣ್ಣವಿದ್ದರೆ ಬಿಟ್ಟುಬಿಡಿ. ಗಂಟನ್ನು ಎರಡೂ ಕಡೆ ಅರ್ಧ ಸೆಂ.ಮೀ. ಬೇರು ಉಳಿಸಿ ಕತ್ತರಿಸಬೇಕು. ಮುಂದೆ ಚಿಮುಟದಲ್ಲಿ ಹಿಡಿಯುವುದು ಆ ಬೇರನ್ನೇ, ಗಂಟನ್ನಲ್ಲ. ಅಂದೇ ಕೆಲಸ ಮಾಡಲು ಆಗದಿದ್ದರೆ ಸಿಲಿಕಾ ಜೆಲ್ ಹಾಕಿದ ಸೀಸೆಯಲ್ಲಿ ಒಣಗಿಸಿಟ್ಟು, ಬೇಕಾದಾಗ ಒಂದು ಗಂಟೆ ನೀರಿನಲ್ಲಿ ನೆನೆಸಿ ಬಳಸಬಹುದು.

ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗರ್. ಒಂದು ಲೀಟರ್‌ಗೆ ಮ್ಯಾನಿಟಾಲ್ 10 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 0.5 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 0.2 ಗ್ರಾಂ, ಉಪ್ಪು 0.1 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 0.5 ಗ್ರಾಂ, ಅಗರ್ 15 ಗ್ರಾಂ, ಪಿಎಚ್ 6.8. ಇದಕ್ಕೆ 0.25 ಶೇಕಡಾ ಕಾಂಗೋ ರೆಡ್ ಎಂಬ ಕೆಂಪು ಬಣ್ಣದ ದ್ರಾವಣ 10 ಮಿ.ಲೀ. ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡದ ಹಬೆಯಲ್ಲಿ 20 ನಿಮಿಷ ಇಟ್ಟು ಶುದ್ಧೀಕರಿಸಬೇಕು. ಯೀಸ್ಟ್ ಎಕ್ಸ್‌ಟ್ರಾಕ್ಟ್ ಹೆಚ್ಚು ಹಾಕಿದರೆ ಬೆಳವಣಿಗೆ ಚೆನ್ನಾಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಅತಿಯಾದರೆ ಕೋಶಗಳು ಊದಿ ವಿಕಾರವಾಗುತ್ತವೆ.

ಇಡೀ ಕೆಲಸ ನಿಂತಿರುವುದು ಗಂಟಿನ ಹೊರಮೈ ಶುದ್ಧಿಯ ಮೇಲೆ. ಮೊದಲು 95 ಶೇಕಡಾ ಆಲ್ಕೋಹಾಲ್‌ನಲ್ಲಿ 10 ಸೆಕೆಂಡ್ ಅದ್ದುತ್ತೇನೆ. ಗಂಟಿನ ಮೈಗೆ ಅಂಟಿದ ಗಾಳಿಗುಳ್ಳೆ ಒಡೆದು, ಮುಂದಿನ ದ್ರಾವಣ ಎಲ್ಲ ಕಡೆ ತಾಗಲಿ ಎಂದು. ನಂತರ 3 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ. ಹಳೆಯ ಕೈಪಿಡಿಗಳಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಎಂದಿರುತ್ತದೆ. ಪಾದರಸದ ವಿಷ, ತೊಳೆದ ನೀರನ್ನು ಎಲ್ಲಿಗೆ ಚೆಲ್ಲುವುದು? ನಾನು ಅದನ್ನು ಬಳಸುವುದೇ ಇಲ್ಲ. ಆದರೆ ಹೈಪೋಕ್ಲೋರೈಟ್ ಬಿಸಿಲು, ಸೆಖೆಗೆ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಬಾಟಲಿಯನ್ನು ನಂಬಬೇಡಿ. ಆಮೇಲೆ ಶುದ್ಧೀಕರಿಸಿದ ನೀರಿನಲ್ಲಿ ಆರು ಬಾರಿ, ಪ್ರತಿ ಸಲ ಹೊಸ ನೀರಿನಲ್ಲಿ ತೊಳೆಯಬೇಕು. ಕ್ಲೋರಿನ್ ಉಳಿದರೆ ಗಂಟು ಒಡೆದಾಗ ಒಳಗಿನದೂ ಸಾಯುತ್ತದೆ. ಪ್ಲೇಟ್ ಪೂರ್ತಿ ಖಾಲಿ ಉಳಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. 2 ಮಿ.ಮೀ.ಗಿಂತ ಚಿಕ್ಕ ಗಂಟಿಗೆ ಹೈಪೋಕ್ಲೋರೈಟ್ ಸಮಯ ಇಳಿಸಿಕೊಳ್ಳಿ.

ಜಜ್ಜುವ ಮೊದಲು ಗಂಟನ್ನು ಒಂದು ಪ್ಲೇಟಿನ ಮೇಲೆ ಹೊರಳಿಸಿ, ಕೊನೆಯ ತೊಳೆತದ ನೀರು 0.1 ಮಿ.ಲೀ. ಇನ್ನೊಂದು ಪ್ಲೇಟಿಗೆ ಹರಡುತ್ತೇನೆ. ಈ ಎರಡರಲ್ಲಿ ಏನಾದರೂ ಬೆಳೆದರೆ ಆ ಗಂಟಿನಿಂದ ಬಂದ ಯಾವ ಕಾಲೊನಿಯನ್ನೂ ಮುಂದಕ್ಕೆ ಒಯ್ಯುವುದಿಲ್ಲ. ಆಮೇಲೆ ಒಂದು ಹನಿ ಶುದ್ಧ ನೀರಿನಲ್ಲಿ ಗಂಟನ್ನು ಗಾಜಿನ ಕಡ್ಡಿಯಿಂದ ಜಜ್ಜಿ, ಹಾಲಿನಂಥ ದ್ರವವನ್ನು ಲೂಪ್‌ನಿಂದ (ತಂತಿಯ ಬಳೆ) ಹೊಸ ಪ್ಲೇಟಿನ ಮೇಲೆ ಗೀರುವುದು.

ಕಾವು 28 ಡಿಗ್ರಿ. ಏಪ್ರಿಲ್‌ನಲ್ಲಿ ಮಂಡ್ಯದ ಕೋಣೆಯೇ ಅದನ್ನು ಮೀರುತ್ತದೆ. ಬರೀ ಬಿಸಿ ಮಾಡುವ ಇನ್‌ಕ್ಯುಬೇಟರ್ ಆಗ ಉಪಯೋಗಕ್ಕಿಲ್ಲ, ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರೇ ಬೇಕು. ಪ್ಲೇಟುಗಳನ್ನು ಕತ್ತಲಲ್ಲಿಡಿ. ಬೆಳಕಿದ್ದರೆ ರೈಜೋಬಿಯಂ ಕೂಡ ಕಾಂಗೋ ರೆಡ್ ಹೀರಿ, ಬಣ್ಣ ನೋಡಿ ಗುರುತಿಸುವ ಉಪಾಯ ಕೆಡುತ್ತದೆ. ಅಲಸಂದೆಯಲ್ಲಿ ಸಾಮಾನ್ಯವಾಗಿ ಸಿಗುವುದು ನಿಧಾನವಾಗಿ ಬೆಳೆಯುವ ಬ್ರಾಡಿರೈಜೋಬಿಯಂ. ಕಾಲೊನಿ ಕಣ್ಣಿಗೆ ಕಾಣಲು ಐದರಿಂದ ಹತ್ತು ದಿನ ಬೇಕು. ಮರುದಿನವೇ ಉಬ್ಬಿ ನಿಂತ ಕಾಲೊನಿಗೆ ಯಾರೂ ಮೋಸ ಹೋಗಬಾರದು, ಅದು ಬಹುತೇಕ ಹೊರಗಿನದು. ಆಮ್ಲ-ಕ್ಷಾರ ತೋರಿಸುವ ಬ್ರೊಮೋಥೈಮಾಲ್ ಬ್ಲೂ ಬಣ್ಣ ಸೇರಿಸಿದ ಮಾಧ್ಯಮದಲ್ಲಿ ನಿಧಾನದ್ದು ನೀಲಿ, ಬೇಗ ಬೆಳೆಯುವಂಥದ್ದು ಹಳದಿ ಮಾಡುತ್ತದೆ. ಕಾಂಗೋ ರೆಡ್ ಗಾಢವಾಗಿ ಹೀರಿದ್ದು ರೈಜೋಬಿಯಂ ಹೋಲುವ ಮಣ್ಣಿನ ಬ್ಯಾಕ್ಟೀರಿಯಾ ಅಗ್ರೊಬ್ಯಾಕ್ಟೀರಿಯಂ ಇರಬಹುದು. ಪಿಎಚ್ 11ರ ಹೋಫರ್ ಮಾಧ್ಯಮದಲ್ಲಿ ಅದು ಬೆಳೆಯುತ್ತದೆ, ರೈಜೋಬಿಯಂ ಬೆಳೆಯುವುದಿಲ್ಲ. ಗ್ಲೂಕೋಸ್ ಪೆಪ್ಟೋನ್ ಅಗರ್‌ನಲ್ಲೂ ರೈಜೋಬಿಯಂ ಬೆಳವಣಿಗೆ ತೀರಾ ಕಡಿಮೆ. ಕಾಲೊನಿಯ ಲೋಳೆಯೊಳಗೆ ಬೇರೆ ಜೀವಿ ಸಿಕ್ಕಿಕೊಂಡಿರುವುದೂ ಉಂಟು. ಹಾಗಾಗಿ ಒಂದೇ ಗೀರಿಗೆ ನಿಲ್ಲಿಸದೆ, ನೀರಿನಲ್ಲಿ ಚೆನ್ನಾಗಿ ಕಲಕಿ, ತೆಳುಮಾಡಿ, ಎಲ್ಲ ಕಾಲೊನಿಗಳೂ ಒಂದೇ ರೂಪಕ್ಕೆ ಬರುವವರೆಗೆ ಮತ್ತೆ ಮತ್ತೆ ಗೀರಬೇಕು.

ಇಷ್ಟಾದರೂ ಕೈಯಲ್ಲಿರುವುದು ಅನುಮಾನವೇ. ನಿರ್ಧಾರ ಲಿಯೊನಾರ್ಡ್ ಜಾರ್‌ನಲ್ಲಿ. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗಾಗಿಸಿ ತೊಳೆದ ಮರಳು ತುಂಬಿ, ಬಾಯಿಯಿಂದ ಹತ್ತಿಯ ಬತ್ತಿ ಇಳಿಬಿಟ್ಟು, ಕೆಳಗಿನ ಜಾರ್‌ನಲ್ಲಿ ಸಾರಜನಕವಿಲ್ಲದ ಪೋಷಕ ದ್ರಾವಣ ಇಟ್ಟು, ಎಲ್ಲವನ್ನೂ ಆಟೋಕ್ಲೇವ್ ಮಾಡಬೇಕು. ಪಾಚಿ ಕಟ್ಟದಂತೆ ಹೊರಗೆ ಕಂದು ಕಾಗದ ಸುತ್ತಬೇಕು. ಹೊರಮೈ ಶುದ್ಧಮಾಡಿ ಮೊಳಕೆ ಬರಿಸಿದ ಬೀಜಕ್ಕೆ 1 ಮಿ.ಲೀ. ಕಲ್ಚರ್ (ಬೇರ್ಪಡಿಸಿದ ಬ್ಯಾಕ್ಟೀರಿಯಾ ಬೆಳೆಸಿದ ದ್ರವ). ಜೊತೆಗೆ ಎರಡು ಗುಂಪು ಕಡ್ಡಾಯ: ಕಲ್ಚರ್ ಕೊಡದ ಗಿಡ, ಮತ್ತು ಕಲ್ಚರ್ ಬದಲು ಪೊಟ್ಯಾಸಿಯಂ ನೈಟ್ರೇಟ್ ಕೊಟ್ಟ ಗಿಡ. ನಾಲ್ಕೈದು ವಾರದ ಮೇಲೆ ಕೀಳಬೇಕು. ಕಲ್ಚರ್ ಕೊಡದ ಗಿಡ ಹಳದಿಯಾಗಿ, ಗಂಟಿಲ್ಲದೆ ಇರಬೇಕು. ಅದರಲ್ಲಿ ಒಂದೇ ಒಂದು ಗಂಟು ಕಂಡರೂ ಆ ಸರಣಿಯನ್ನೇ ಕೈಬಿಡುತ್ತೇನೆ. ನೈಟ್ರೇಟ್ ಕೊಟ್ಟದ್ದೂ ಬಾಡಿದ್ದರೆ ತಪ್ಪು ಕಲ್ಚರ್‌ನದಲ್ಲ, ಬೇರೆ ಪೋಷಕಾಂಶದ್ದೋ ನೀರಿನದ್ದೋ. ಕಲ್ಚರ್ ಕೊಟ್ಟ ಗಿಡದಲ್ಲಿ ಗಂಟಿದ್ದೂ ಎಲೆ ಹಳದಿಯಾಗಿದ್ದರೆ ಅದು ಗಂಟು ಕಟ್ಟುತ್ತದೆ, ಸಾರಜನಕ ಕೊಡುವುದಿಲ್ಲ. ರೈತರಿಗೆ ಒಪ್ಪಿಸುವ ಬ್ಯಾಕ್ಟೀರಿಯಾ ತಳಿಯಲ್ಲ.

ಗೆದ್ದ ತಳಿಯ ಗಂಟಿನಿಂದ ಮತ್ತೆ ಬೇರ್ಪಡಿಸಿ, ಮೊದಲಿನದರೊಡನೆ ಹೋಲಿಸಿ, 20 ಶೇಕಡಾ ಗ್ಲಿಸರಾಲ್‌ನಲ್ಲಿ ಫ್ರೀಜರ್‌ಗೆ ಹಾಕಿಡುತ್ತೇನೆ. ಸ್ಲಾಂಟ್‌ನಿಂದ ಸ್ಲಾಂಟಿಗೆ (ಮಾಧ್ಯಮವನ್ನು ಓರೆಯಾಗಿ ಹೆಪ್ಪುಗಟ್ಟಿಸಿದ ನಳಿಕೆ) ಬಹುಕಾಲ ಸಾಗಿಸಿದರೆ ಗಂಟು ಕಟ್ಟುವ ಗುಣ ಕಳೆದುಹೋಗಬಹುದು. ಲೇಬಲ್‌ನಲ್ಲಿ ಬೆಳೆ, ಬೆಳೆಯ ತಳಿ, ಊರು, ಮಣ್ಣಿನ ಬಗೆ, ಸಂಗ್ರಹಿಸಿದ ದಿನಾಂಕ, ಕೊನೆಯ ಗಿಡ ಪರೀಕ್ಷೆಯ ದಿನಾಂಕ ಇರಬೇಕು. ಇಂಕಿನಲ್ಲಿ ಬರೆದರೆ ಆಲ್ಕೋಹಾಲ್ ತಾಗಿದಾಗ ಅಳಿಸಿಹೋಗುತ್ತದೆ, ಪೆನ್ಸಿಲಿನಲ್ಲಿ ಬರೆಯಿರಿ.