ಲ್ಯಾಮಿನೇಟೆಡ್ ಬಿಟ್ಟು ಪ್ರೆಸ್ಡ್ ಟಿಪ್‌ಗೆ ಮರಳಿದ ನನ್ನ ಅನುಭವ

ನನ್ನ ಸ್ನೂಕರ್ ಕ್ಯೂವಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ತುದಿಯಲ್ಲಿ ಈಗಿರುವುದು ಒಂದೇ ತುಂಡು ಚರ್ಮವನ್ನು ಒತ್ತಿ ಮಾಡಿದ, 9.5 ಮಿಲಿಮೀಟರ್ ಅಗಲದ ಸಾಧಾರಣ ಟಿಪ್. ಅದಕ್ಕೆ ಮೊದಲು ಮೂರು ವರ್ಷ ಲ್ಯಾಮಿನೇಟೆಡ್ ಟಿಪ್‌ನಲ್ಲಿಯೇ ಆಡಿದ್ದರಿಂದ, ಚಿಕ್ಕಮಗಳೂರಿನ ನಮ್ಮ ಸ್ನೂಕರ್ ಪಾರ್ಲರ್‌ಗೆ ಬರುವ ಹುಡುಗರು 'ದುಬಾರಿಯದ್ದು ಬಿಟ್ಟು ಅಗ್ಗದ್ದಕ್ಕೆ ಯಾಕೆ ಬಂದ್ರಿ ಸಾರ್' ಎಂದು ಕೇಳುವುದುಂಟು. ಹಗಲು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ನಾನು ಸುಮಾರು ಹತ್ತು ವರ್ಷಗಳಿಂದ ಸಂಜೆಯ ಹೊತ್ತು ಆಡುತ್ತಾ, ನನ್ನ ಕ್ಯೂವಿಗೂ ಗೆಳೆಯರ ಕ್ಯೂಗಳಿಗೂ ಟಿಪ್ ಕೂರಿಸುತ್ತಾ ಬಂದಿದ್ದೇನೆ. ಆ ಹುಡುಗರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರೆಸ್ಡ್ ಟಿಪ್ ಎಂದರೆ ದಪ್ಪ ಚರ್ಮದಿಂದ ಗುಂಡಗೆ ಕತ್ತರಿಸಿ, ಅಚ್ಚಿನಲ್ಲಿ ಒತ್ತಿ ಗಟ್ಟಿಮಾಡಿದ ಒಂದೇ ತುಂಡು. ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್ ಮೊದಲಾದವು ಈ ಜಾತಿಯವು. ಲ್ಯಾಮಿನೇಟೆಡ್ ಟಿಪ್‌ನಲ್ಲಿ ಕಾಗದದಂತೆ ತೆಳುವಾಗಿ ಸೀಳಿದ ಚರ್ಮದ, ಬಹುಪಾಲು ಹಂದಿ ಚರ್ಮದ, ಹಲವು ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿರುತ್ತಾರೆ. ಜಪಾನಿನ ಮೂರಿ, ಕಮುಯಿ ಟಿಪ್‌ಗಳು ಇದರಲ್ಲಿ ಹೆಸರಾದವು. ದಪ್ಪ ಚರ್ಮದ ಒಂದು ತುಂಡು ಪ್ರಾಣಿಯ ಬೆನ್ನಿನಿಂದ ಬಂದಿದ್ದರೆ ಒಂದು ಗುಣ, ಹೊಟ್ಟೆಯ ಭಾಗದಿಂದ ಬಂದಿದ್ದರೆ ಇನ್ನೊಂದು ಗುಣ. ಹಲವು ಪದರಗಳನ್ನು ಕೂಡಿಸಿದಾಗ ಆ ಏರುಪೇರು ಸರಿತೂಗುತ್ತದೆಯಾದ್ದರಿಂದ, ಮೀಡಿಯಂ (ಮಧ್ಯಮ ಗಡಸು) ಎಂದು ಬರೆದ ಲ್ಯಾಮಿನೇಟೆಡ್ ಟಿಪ್ ಎರಡು ವರ್ಷದ ನಂತರ ಕೊಂಡರೂ ಹೆಚ್ಚುಕಡಿಮೆ ಅದೇ ಮೀಡಿಯಂ ಆಗಿರುತ್ತದೆ. ಅದರ ಬೆಲೆಯಲ್ಲಿ ನಾವು ಕೊಳ್ಳುವುದು ಈ ಭರವಸೆಯನ್ನು. ಒಂದು ಲ್ಯಾಮಿನೇಟೆಡ್ ಟಿಪ್‌ಗೆ ಕೊಡುವ ಹಣದಲ್ಲಿ ಪ್ರೆಸ್ಡ್ ಟಿಪ್‌ಗಳು ಹತ್ತಾರು ಬರುತ್ತವೆ.

ನನಗೆ ಟಿಪ್ ಕೂರಿಸುವುದನ್ನು ಕಲಿಸಿದವರು ಬೆಳೆಗಾರರ ಕ್ಲಬ್ಬೊಂದರಲ್ಲಿ ಬಹುಕಾಲ ಮಾರ್ಕರ್, ಅಂದರೆ ಟೇಬಲ್ ನೋಡಿಕೊಂಡು ಅಂಕ ಗುರುತಿಸುವವರು, ಆಗಿದ್ದು ನಿವೃತ್ತರಾದ ಹಿರಿಯರು. ಅವರನ್ನು ನಾವೆಲ್ಲ ಮಾರ್ಕರ್ ಅಣ್ಣ ಎಂದೇ ಕರೆಯುತ್ತೇವೆ. ಅವರ ಕಾಲದಲ್ಲಿ ಪ್ರೆಸ್ಡ್ ಬಿಟ್ಟರೆ ಬೇರೆ ಟಿಪ್ ಇರಲಿಲ್ಲ. ಡಬ್ಬಿಯಿಂದ ಕೈಗೆ ಸಿಕ್ಕಿದ ಟಿಪ್ಪನ್ನು ತೆಗೆದು ಅಂಟಿಸುವುದಷ್ಟೇ ನನಗೂ ಗೊತ್ತಿತ್ತು. ಹಾಗೆ ಅಂಟಿಸಿದ ಟಿಪ್‌ಗಳಲ್ಲಿ ಒಂದು ಆರು ತಿಂಗಳು ಸೊಗಸಾಗಿ ಬಾಳಿದರೆ, ಅದೇ ಡಬ್ಬಿಯ ಇನ್ನೊಂದು ಎರಡೇ ವಾರಕ್ಕೆ ಅಣಬೆಯಂತೆ ಹರಡಿಕೊಂಡು, ಕ್ಯೂವಿನ ತುದಿಯ ಲೋಹದ ಬಳೆಯಾದ ಫೆರುಲ್‌ನ ಅಂಚಿನಿಂದ ಹೊರಗೆ ಚಾಚುತ್ತಿತ್ತು, ಮತ್ತೊಂದು ಕಲ್ಲಿನಂತೆ ಗಟ್ಟಿಯಾಗಿ, ಮೇಲ್ಮೈ ಗಾಜಿನಂತೆ ನುಣುಪಾಗಿ, ಜಾರದಿರಲು ಹಚ್ಚುವ ಚಾಕ್ ಪುಡಿ ಹಿಡಿಯದೆ, ಚೆಂಡಿನ ಮೇಲೆ ಜಾರಿ ಮಿಸ್‌ಕ್ಯೂ ಆಗುತ್ತಿತ್ತು. ಇದರಿಂದ ಬೇಸತ್ತು ಬೆಂಗಳೂರಿಗೆ ಹೋಗುವ ಗೆಳೆಯನ ಕೈಯಲ್ಲಿ ಮೊದಲ ಲ್ಯಾಮಿನೇಟೆಡ್ ಟಿಪ್ ತರಿಸಿಕೊಂಡೆ.

ಮೊದಲ ವಾರದಲ್ಲೇ ನನ್ನ ಸ್ಕ್ರೂ ಷಾಟ್, ಅಂದರೆ ಬಿಳಿ ಚೆಂಡಿನ ಕೆಳಭಾಗಕ್ಕೆ ಹೊಡೆದು ಅದನ್ನು ಹಿಂದಕ್ಕೆ ತಿರುಗಿಸುವ ಹೊಡೆತ, ಸುಧಾರಿಸಿತು. ಪದರಗಳ ಚರ್ಮ ಚೆಂಡನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ, ಅದಕ್ಕೇ ಚೆಂಡು ಹೆಚ್ಚು ತಿರುಗುತ್ತದೆ ಎಂದು ಎಲ್ಲರಂತೆ ನಾನೂ ನಂಬಿದ್ದೆ ಮತ್ತು ನಾಲ್ಕು ಜನರಿಗೆ ಹೇಳಿಯೂ ಇದ್ದೆ. ವಾಸ್ತವದಲ್ಲಿ ಟಿಪ್ ಮತ್ತು ಚೆಂಡು ಒಂದನ್ನೊಂದು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಚೆಂಡು ಎಷ್ಟು ತಿರುಗಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಯೂವಿನ ವೇಗ ಹಾಗೂ ಚೆಂಡಿನ ನಡುವಿನಿಂದ ಎಷ್ಟು ದೂರದಲ್ಲಿ ಹೊಡೆದೆವು ಎಂಬ ಅಂತರ. 52.5 ಮಿಲಿಮೀಟರ್ ವ್ಯಾಸದ ಸ್ನೂಕರ್ ಚೆಂಡಿನಲ್ಲಿ ನಡುವಿನಿಂದ ಸುಮಾರು 13 ಮಿಲಿಮೀಟರ್, ಅಂದರೆ ತ್ರಿಜ್ಯದ ಅರ್ಧ, ದಾಟಿದರೆ ಎಂಥ ಟಿಪ್ ಇದ್ದರೂ ಜಾರುತ್ತದೆ. ಟಿಪ್ ಜಾರುವುದಿಲ್ಲ ಎಂಬ ಧೈರ್ಯ ಬಂದಮೇಲೆ ನಾನು ಮೊದಲಿಗಿಂತ ಕೆಳಗೆ ಹೊಡೆಯತೊಡಗಿದ್ದೆ, ಅಷ್ಟೇ ನಡೆದದ್ದು. ಇದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ತಿಳಿದಮೇಲೆ, ಒಳ್ಳೆಯ ಪ್ರೆಸ್ಡ್ ಟಿಪ್ ಒಂದು ಸಿಕ್ಕರೆ ಅದರಲ್ಲಿಯೂ ಇದೇ ಧೈರ್ಯ ಬರಬೇಕಲ್ಲವೇ ಎಂಬ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಲ್ಯಾಮಿನೇಟೆಡ್ ಟಿಪ್‌ನೊಡನೆ ನನ್ನ ಜಗಳ ಶುರುವಾದದ್ದು ಮಳೆಗಾಲದಲ್ಲಿ. ನಮ್ಮೂರಿನ ಜುಲೈ ತಿಂಗಳಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಪಾರ್ಲರ್‌ನ ಟೇಬಲ್ಲಿನ ಬಟ್ಟೆ ತೇವ ಹೀರಿಕೊಂಡು ಚೆಂಡಿನ ಓಟ ಕುಂದುವುದರಿಂದ ಪ್ರತಿಯೊಂದು ಹೊಡೆತಕ್ಕೂ ಹೆಚ್ಚು ಬಲ ಬೇಕಾಗುತ್ತದೆ, ಆ ಬಲದ ಪೆಟ್ಟೆಲ್ಲ ಟಿಪ್ಪಿನ ಮೇಲೆಯೇ ಬೀಳುತ್ತದೆ. ಎರಡನೆಯ ಮಳೆಗಾಲದಲ್ಲಿ ಒಂದು ಸಂಜೆ, ಸುಲಭವಾದ ಕರಿ ಚೆಂಡಿಗೆ ಹೊಡೆದಾಗ ತಟ್ಟೆ ಒಡೆದಂಥ ಸದ್ದು ಬಂದು ಬಿಳಿ ಚೆಂಡು ಅಡ್ಡಕ್ಕೆ ಓಡಿತು. ನೋಡಿದರೆ ಟಿಪ್ಪಿನ ಮೇಲಿನ ಎರಡು ಪದರ ಒಂದು ಬದಿಯಲ್ಲಿ ತುಟಿಯಂತೆ ತೆರೆದುಕೊಂಡಿದ್ದವು. ಮಳೆಯನ್ನೂ ಟಿಪ್ಪನ್ನೂ ಬಯ್ಯುತ್ತಾ ಕ್ಯೂವನ್ನು ಮಾರ್ಕರ್ ಅಣ್ಣನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಅಂಚನ್ನು ನೋಡಿ, 'ಬ್ಲೇಡನ್ನ ಮೇಲಿಂದ ಕೆಳಕ್ಕೆ ಎಳೆದೆಯೇನಪ್ಪ?' ಎಂದಷ್ಟೇ ಕೇಳಿದರು. ಕ್ಯೂವನ್ನು ಮಡಿಲಲ್ಲಿಟ್ಟುಕೊಂಡು, ಟಿಪ್ಪಿನ ಮುಖದ ಕಡೆಯಿಂದ ಫೆರುಲ್‌ನ ಕಡೆಗೆ ಬ್ಲೇಡ್ ಎಳೆದು ಅಂಚು ಕತ್ತರಿಸುವುದು ನನ್ನ ಅಭ್ಯಾಸವಾಗಿತ್ತು. ಒಂದೇ ತುಂಡಿನ ಚರ್ಮ ಅದನ್ನು ಸಹಿಸಿಕೊಳ್ಳುತ್ತದೆ. ಪದರಗಳ ಟಿಪ್‌ನಲ್ಲಿ ಹಾಗೆ ಎಳೆದರೆ ಮೇಲಿನ ಪದರದ ಅಂಚು ಆಸರೆಯಿಲ್ಲದೆ ಬ್ಲೇಡಿನ ಜೊತೆಗೆ ಸೆಳೆದುಕೊಂಡು ಅಂಟು ಸಡಿಲವಾಗುತ್ತದೆ. ಟಿಪ್ಪಿನ ಮುಖವನ್ನು ಗಟ್ಟಿ ಹಲಗೆಯ ಮೇಲೆ ಊರಿ, ಫೆರುಲ್‌ನ ಕಡೆಯಿಂದ ಹಲಗೆಯ ಕಡೆಗೆ ಸ್ವಲ್ಪಸ್ವಲ್ಪವೇ ಕತ್ತರಿಸಿದರೆ ಬ್ಲೇಡಿನ ಒತ್ತಡವೇ ಪದರಗಳನ್ನು ಕೂಡಿಸಿ ಹಿಡಿಯುತ್ತದೆ. ಆಮೇಲೆ ಕೂರಿಸಿದ ಎರಡು ಲ್ಯಾಮಿನೇಟೆಡ್ ಟಿಪ್‌ಗಳಿಗೆ ಹೀಗೆಯೇ ಮಾಡಿದೆ. ಅವುಗಳಲ್ಲಿ ಒಂದು ಕೊನೆಯವರೆಗೂ ಬಾಳಿತು. ಇನ್ನೊಂದು ಮತ್ತೊಂದು ಮಳೆಗಾಲದಲ್ಲಿ ಬಿಚ್ಚಿಕೊಂಡಿತು, ಅದಕ್ಕೆ ನನ್ನ ಕೈ ಕಾರಣವೋ ತೇವ ಕಾರಣವೋ ಎಂದು ಎದೆ ಮುಟ್ಟಿ ಹೇಳಲಾರೆ.

ನನ್ನನ್ನು ಕಾಡಿದ್ದು ಟಿಪ್ ಕೆಟ್ಟದ್ದಕ್ಕಿಂತ ಅದು ಕೆಟ್ಟ ರೀತಿ. ಪ್ರೆಸ್ಡ್ ಟಿಪ್ ಮೊದಲೇ ಸೂಚನೆ ಕೊಟ್ಟು ಕೆಡುತ್ತದೆ: ಅಂಚು ಹರಡುತ್ತದೆ, ಸದ್ದು ಗಡುಸಾಗುತ್ತದೆ, ಚಾಕ್ ಹಿಡಿಯುವುದು ಕಡಿಮೆಯಾಗುತ್ತದೆ, ಇದೆಲ್ಲ ವಾರಗಟ್ಟಲೆ ನಡೆಯುವುದರಿಂದ ಆಟಗಾರ ಅದಕ್ಕೆ ಹೊಂದಿಕೊಳ್ಳುತ್ತಾನೆ ಅಥವಾ ಹೊಸದನ್ನು ಹಾಕಿಕೊಳ್ಳುತ್ತಾನೆ. ಲ್ಯಾಮಿನೇಟೆಡ್ ಟಿಪ್ ನನ್ನ ಕೈಯಲ್ಲಿ ಎರಡು ಸಲವೂ ಕಡೆಯ ಕ್ಷಣದವರೆಗೆ ಚೆನ್ನಾಗಿಯೇ ಇದ್ದು ಫ್ರೇಮಿನ, ಅಂದರೆ ಒಂದು ಆಟದ, ನಡುವೆ ಬಿಚ್ಚಿಕೊಂಡಿತು.

ಹಾಗಾದರೆ ಪ್ರೆಸ್ಡ್ ಟಿಪ್‌ಗಳಲ್ಲಿ ಒಳ್ಳೆಯದನ್ನು ಮೊದಲೇ ಗುರುತಿಸುವುದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ನಾನು ದಿನವೂ ಹಾದುಹೋಗುವ ಜಾಗದಲ್ಲಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾರ್ಬಲಿಂಗ್ ಎಂಬ ಕೆಲಸವಿದೆ: ಗ್ರೇಡರ್ ಯಂತ್ರ ಬೀಜಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿದ ಮೇಲೂ ಹೆಂಗಸರು ಕುಳಿತು ಕಪ್ಪು ಬೀಜ, ಒಡಕು ಬೀಜಗಳನ್ನು ಕೈಯಿಂದ ಆರಿಸುತ್ತಾರೆ. ನಮ್ಮಲ್ಲಿ ಆರಿಸದ ಕಾಫಿ ಮಾರಾಟಕ್ಕೆ ಹೋಗುವುದಿಲ್ಲ, ನಾನು ಮಾತ್ರ ಆರಿಸದ ಟಿಪ್ಪನ್ನು ಅಂಟಿಸಿ ಆಮೇಲೆ ದೂರುತ್ತಿದ್ದೆ. 50 ಟಿಪ್‌ಗಳ ಡಬ್ಬಿ ತರಿಸಿ, ಅಕ್ಕಸಾಲಿಗ ಗೆಳೆಯನ ಅಂಗಡಿಗೆ ಕೊಂಡೊಯ್ದು, ಚಿನ್ನ ತೂಗುವ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿಸಿದೆ. ಭಾರವಾದದ್ದು ಸಾಂದ್ರ, ಸಾಂದ್ರವಾದದ್ದು ಒಳ್ಳೆಯದು ಎಂಬುದು ನನ್ನ ಲೆಕ್ಕ. ಆ ಲೆಕ್ಕ ಮೊದಲ ಸಲ ತಪ್ಪಿತು, ಏಕೆಂದರೆ ಭಾರವಾದವುಗಳಲ್ಲಿ ಕೆಲವು ಬರೀ ದಪ್ಪವಾಗಿದ್ದವು. ಎರಡನೆಯ ಸಲ ವರ್ನಿಯರ್ ಹಿಡಿದು ಮೊದಲು ದಪ್ಪದ ಪ್ರಕಾರ ಗುಂಪು ಮಾಡಿ, ಆಮೇಲೆ ಒಂದೊಂದು ಗುಂಪನ್ನೂ ತೂಗಿದಾಗ, ಒಂದೇ ಗಾತ್ರದ ಟಿಪ್‌ಗಳ ತೂಕದಲ್ಲಿಯೇ ವ್ಯತ್ಯಾಸ ಎದ್ದು ಕಂಡಿತು. ಬಳಿಕ ಪ್ರತಿಯೊಂದನ್ನೂ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಗೇಣೆತ್ತರದಿಂದ ಬೀಳಿಸಿ ಸದ್ದು ಕೇಳಿದೆ. ಸಡಿಲ ಚರ್ಮದ್ದು ಮಂಕಾಗಿ ಸದ್ದು ಮಾಡುತ್ತದೆ, ಬಿಗಿಯಾದದ್ದು ಟಿಕ್ ಎಂದು ಪುಟಿಯುತ್ತದೆ. ಮನೆಯವಳು ಬಾಗಿಲಲ್ಲಿ ನಿಂತು ಈ ಪರೀಕ್ಷೆಯನ್ನು ನೋಡಿ ಏನೂ ಹೇಳದೆ ಒಳಗೆ ಹೋದಳು. ಕೊನೆಯದಾಗಿ ಬುಡವನ್ನು ಸ್ಯಾಂಡ್‌ಪೇಪರಿನ ಮೇಲೆ ಎರಡು ಸುತ್ತು ಉಜ್ಜಿ ನೋಡಿದರೆ, ಎಳೆಎಳೆಯಾಗಿ ನಾರು ಏಳುವವು ಕಸದ ಬುಟ್ಟಿಗೆ, ನಯವಾಗಿ ಪುಡಿಯಾಗುವವು ಡಬ್ಬಿಗೆ. 50ರಲ್ಲಿ ನನಗೆ ಮನಸ್ಸಿಗೆ ಒಪ್ಪಿದವು ಹದಿನಾಲ್ಕು. ಮಧ್ಯಮವಾದವು ಪಾರ್ಲರ್‌ನ ಕ್ಯೂಗಳಿಗೆ ಹೋದವು.

ಆರಿಸಿದ ಟಿಪ್ಪನ್ನು ನೇರವಾಗಿ ಅಂಟಿಸುವುದಿಲ್ಲ. ಲೇತ್ ಅಂಗಡಿಯ ವೈಸ್‌ನಲ್ಲಿ ಎರಡು ಲೋಹದ ತಗಡುಗಳ ನಡುವೆ ಇಟ್ಟು ಒಂದು ರಾತ್ರಿ ಬಿಗಿಯುತ್ತೇನೆ. ಬಿಟ್ಟಮೇಲೆ ಸ್ವಲ್ಪ ಹಿಗ್ಗಿದರೂ, ಕ್ಯೂವಿನ ಮೇಲೆ ಒಂದು ವಾರ ಹೊಡೆದು ಕೂರಿಸಬೇಕಾದ ಮೆದುತನ ಬಹುಪಾಲು ಅಲ್ಲಿಯೇ ಇಳಿದಿರುತ್ತದೆ. ಅಂಟಿನ ವಿಷಯದಲ್ಲಿ ನಾನು ಕಲಿತದ್ದು ನಷ್ಟದಿಂದ. ಅಂಗಡಿಗಳಲ್ಲಿ ಸಿಗುವ ನೀರಿನಂಥ ತೆಳು ಸೂಪರ್ ಗ್ಲೂ ಚರ್ಮದೊಳಕ್ಕೆ ಹೀರಿಕೊಂಡು ಬುಡದ ಅರ್ಧದಷ್ಟನ್ನು ಪ್ಲಾಸ್ಟಿಕ್ಕಿನಂತೆ ಗಟ್ಟಿಮಾಡುತ್ತದೆ, ಆಗ ಒಳ್ಳೆಯ ಟಿಪ್ಪೂ ಕೆಟ್ಟ ಟಿಪ್ಪಿನಂತೆ ಆಡುತ್ತದೆ. ಅದೇ ಅಂಟಿನ ಜೆಲ್ ರೂಪ ಮೇಲ್ಮೈಯಲ್ಲಿಯೇ ನಿಲ್ಲುತ್ತದೆ. ಹಿತ್ತಾಳೆಯ ಫೆರುಲ್ ಮತ್ತು ಅದರ ನಡುವಿನ ಮರ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಹಳೆಯ ಅಂಟನ್ನು ಪೂರ್ತಿ ಕೆರೆದು, ಒಂದು ಹನಿ ಜೆಲ್ ಹಚ್ಚಿ, ಹಲಗೆಯ ಮೇಲೆ ಕ್ಯೂವನ್ನು ನೆಟ್ಟಗೆ ನಿಲ್ಲಿಸಿ ಒಂದು ನಿಮಿಷ ಒತ್ತಿ ಹಿಡಿಯುತ್ತೇನೆ. ರಾತ್ರಿಯಿಡೀ ಬಿಟ್ಟು ಮಾರನೆಯ ದಿನ ಅಂಚು ಕತ್ತರಿಸಿ, ಅರದಿಂದ ಗುಮ್ಮಟದ ಆಕಾರ ಕೊಡುತ್ತೇನೆ. ಆಕಾರವನ್ನು ಅಳೆಯಲು ನಾನು ಇಂದಿಗೂ ಬಳಸುವುದು 2011ರಲ್ಲಿ ಚಲಾವಣೆಯಿಂದ ಹೋದ 25 ಪೈಸೆಯ ನಾಣ್ಯವನ್ನು. ಅದರ ದುಂಡಗಿನ ಅಂಚಿನ ಬಾಗಿಗೆ ಟಿಪ್ಪಿನ ಬಾಗು ಹೊಂದಿದರೆ ನನ್ನ ಕೈಗೆ ಸರಿ. ಮೊದಲ ಕೆಲವು ದಿನ ದಿನಕ್ಕೊಮ್ಮೆ ಹರಡಿದ ಅಂಚನ್ನು ತೆಗೆದು ಮತ್ತೆ ಆಕಾರ ಕೊಡಬೇಕು. ಲ್ಯಾಮಿನೇಟೆಡ್‌ನಲ್ಲಿ ಈ ತಾಪತ್ರಯ ಇಲ್ಲವೆಂಬಷ್ಟು ಕಡಿಮೆ ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಹೀಗೆ ಆರಿಸಿದ ಮೊದಲ ಟಿಪ್ ಏಳು ತಿಂಗಳು ಬಂತು, ಎರಡನೆಯದೂ ಅಷ್ಟೇ. ಅದಕ್ಕಿಂತ ಮುಖ್ಯವಾಗಿ, ಮೊದಲನೆಯದರ ಜಾಗಕ್ಕೆ ಎರಡನೆಯದು ಬಂದಾಗ ನನ್ನ ಕೈಗೆ ವ್ಯತ್ಯಾಸ ಹೆಚ್ಚು ತಿಳಿಯಲಿಲ್ಲ. ಲ್ಯಾಮಿನೇಟೆಡ್ ತಯಾರಕರು ಪದರಗಳಿಂದ ಕೊಡುವ ಸಮಾನತೆಯನ್ನು ನಾನು ಎರಡು ಸಂಜೆಯ ಆರಿಸುವ ಕೆಲಸದಿಂದ ಪಡೆದುಕೊಂಡೆ. ಎರಡು ಸಂಜೆ ಇಲ್ಲದವರು ಅದನ್ನು ಹಣಕ್ಕೆ ಕೊಳ್ಳುವುದರಲ್ಲಿ ತಪ್ಪೇನೂ ಕಾಣೆ. ನಮ್ಮ ಪಾರ್ಲರ್‌ನ ಎಂಜಿನಿಯರಿಂಗ್ ಹುಡುಗನೊಬ್ಬ ಬೆಂಗಳೂರಿನ ಟೂರ್ನಿಗಳಿಗೆ ಹೋಗಿಬರುತ್ತಾನೆ. ಅಲ್ಲಿ ಟಿಪ್ ಹಾಳಾದರೆ ಪಕ್ಕದ ಅಂಗಡಿಯಲ್ಲಿ ಅದೇ ಹೆಸರಿನ, ಅದೇ ಗಡಸಿನ ಇನ್ನೊಂದು ಟಿಪ್ ಸಿಗಬೇಕಾದ್ದರಿಂದ ಅವನಿಗೆ ನಾನೇ ಲ್ಯಾಮಿನೇಟೆಡ್ ಮೀಡಿಯಂ ಹಾಕಿಕೊಟ್ಟಿದ್ದೇನೆ, ಅಂಚನ್ನು ಸರಿಯಾದ ದಿಕ್ಕಿನಲ್ಲಿ ಕತ್ತರಿಸಿ. ಪಾರ್ಲರ್‌ನ ಕ್ಯೂಗಳಿಗೆ ಮಾತ್ರ ಲ್ಯಾಮಿನೇಟೆಡ್ ಹಾಕಬೇಡಿ ಎಂದು ಮಾಲೀಕರಿಗೆ ಖಂಡಿತವಾಗಿ ಹೇಳಿದ್ದೇನೆ. ಕ್ಯೂವನ್ನು ನೆಲಕ್ಕೆ ಕುಟ್ಟುವವರ ಕೈಯಲ್ಲಿ ಯಾವ ಪದರವೂ ಉಳಿಯುವುದಿಲ್ಲ.

ನನ್ನ ಹದಿನಾಲ್ಕರಲ್ಲಿ ಇನ್ನು ಹನ್ನೊಂದು ಉಳಿದಿವೆ. ಮುಚ್ಚಳ ಬಿಗಿಯಾದ ಕಾಫಿಪುಡಿ ಡಬ್ಬಿಯೊಂದರಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಅವು ಮುಂದಿನ ಮಳೆಗಾಲಕ್ಕೆ ಕಾಯುತ್ತಿವೆ.